ಮನೆಯ ವ್ಯಾಪಾರ: ದಾರಿಯಲ್ಲಿ ಕಳೆದ ಗಂಟು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳ ಗೃಹಿಣಿಯರಲ್ಲಿ ಕೈಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಆದರೆ ಅವರು ಮಾಡಿದ ವಸ್ತುವನ್ನು ಕೊಳ್ಳುವವರು ಬಹುಕಾಲದವರೆಗೆ ಸಂತೆಗೆ ಬಂದ ನಾಲ್ಕು ಜನರು ಮಾತ್ರವಾಗಿದ್ದರು. ಆನ್‌ಲೈನ್ ಪೇಟೆಯು ತೆರೆದ ಮೇಲೆ ಕಾಡಿನಂಚಿನ ಮನೆಯಿಂದ ಹೊರಟ ಗಂಟು ಬೆಂಗಳೂರು, ಪುಣೆ, ದಿಲ್ಲಿಗಳ ಬಾಗಿಲಿಗೆ ಮುಟ್ಟುವದು ಸಾಧ್ಯವಾಗಿದೆ. ಇದು ಸಂತೋಷದ ಸಂಗತಿಯೇ. ಆದರೆ ಸಂತೆಯಲ್ಲಿ ಇಲ್ಲದ ಒಂದು ಕಷ್ಟವು ಇಲ್ಲಿ ಉಂಟು. ಸಂತೆಯಲ್ಲಿ ಒಂದು ಕೈಯಿಂದ ವಸ್ತು ಹೋಗುವದು, ಇನ್ನೊಂದು ಕೈಗೆ ಹಣ ಬರುವದು. ಆನ್‌ಲೈನ್ ಪೇಟೆಯಲ್ಲಿಯಾದರೋ ವಸ್ತುವಿಗೂ ಹಣಕ್ಕೂ ನಡುವೆ ಹಲವು ದಿನಗಳೂ ಹಲವರ ಕೈಗಳೂ ಬರುವವು. ಅವುಗಳಲ್ಲಿ ಯಾವುದೋ ಒಂದು ಕೈಯಿಂದ ಗಂಟು ಜಾರಿತೆಂದರೆ ಕೊಂಡವನು ಹಣವನ್ನು ಹಿಂದಕ್ಕೆ ಕೇಳುವನು, ಒಯ್ದವನು ತನಗೆ ಗೊತ್ತಿಲ್ಲವೆನ್ನುವನು, ಮಾಡಿದವಳು ಮಾತ್ರ ವಸ್ತುವನ್ನೂ ಹಣವನ್ನೂ ಕಳೆದುಕೊಂಡು ಕೂಡುವಳು. ಇಂಥ ಸಮಯದಲ್ಲಿ ಏನು ಮಾಡತಕ್ಕದ್ದೆಂಬುದನ್ನು ಈ ತಿಂಗಳು ವಿಚಾರಿಸುವೆವು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಳಿಯಾಳದ ಕಡೆಯ ಸಿದ್ದಿ ಜನಾಂಗದ ಒಬ್ಬ ತಾಯಿಯು ಕೌದಿ ಹೊಲಿದು ಮಾರುವಳೆಂದು ಭಾವಿಸಿರಿ. ಆಫ್ರಿಕೆಯ ಮೂಲದ ಈ ಜನರು ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡುಗಳಲ್ಲಿ ತಲೆಮಾರುಗಳಿಂದ ನೆಲೆಸಿರುವರು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಇವರ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಕೈಯಿಂದಲೇ ದಾರ ಹಾಕುವರು. ಮೂಲೆಗಳಿಗೆ ಬಟ್ಟೆಯ ಹೂವುಗಳನ್ನಿಟ್ಟು ಮುಗಿಸುವರು. ಮನೆಗೆಲಸ, ಹೊಲದ ಕೆಲಸಗಳ ನಡುವಿನ ಬಿಡುವಿನಲ್ಲಿ ಇದು ಎಷ್ಟು ದಿನದ ಶ್ರಮವೆಂಬುದನ್ನು ಸೂಜಿ ಹಿಡಿದ ಭಗಿನಿಯರಿಗೆ ನಾವು ಹೇಳಬೇಕಾದುದಿಲ್ಲ. ಗಿರಣಿಯಲ್ಲಿ ನೇಯ್ದ ಹೊದಿಕೆಯು ಕಳೆದರೆ ಅಂಥದೇ ಇನ್ನೊಂದು ದೊರೆಯುವದು, ಅದರ ಬೆಲೆಯು ಚೀಟಿಯ ಮೇಲೆ ಅಚ್ಚಾಗಿರುವದು. ಕೌದಿಯು ಕಳೆದರೆ ಅಂಥದು ಇನ್ನೊಂದು ಜಗತ್ತಿನಲ್ಲಿಯೇ ಇಲ್ಲ. ಅದರ ಬೆಲೆ ಇಷ್ಟೆಂದು ಹೇಳುವ ಅಚ್ಚಿನ ಚೀಟಿಯೂ ಇಲ್ಲ. ಹೀಗಾಗಿ ಎರಡು ಸಂಗತಿಗಳನ್ನು ರುಜುವಾತುಪಡಿಸುವ ಭಾರವು ಆ ತಾಯಿಯ ಮೇಲೆ ಬೀಳುವದು: ಗಂಟಿನಲ್ಲಿ ಕೌದಿಯೇ ಇತ್ತು ಎಂಬುವದು ಒಂದು, ಅದಕ್ಕೆ ಇಷ್ಟು ಬೆಲೆಯಿತ್ತು ಎಂಬುವದು ಇನ್ನೊಂದು. ಕಳೆದ ಮೇಲೆ ಈ ರುಜುವಾತನ್ನು ಹುಡುಕಹೋದರೆ ಅದು ದೊರೆಯದು. ಗಂಟು ಮನೆಯ ಹೊಸ್ತಿಲನ್ನು ದಾಟುವ ಮೊದಲೇ ಅದು ಸಿದ್ಧವಾಗಿರಬೇಕು.

ದೂರದವರಿಗೆ ವಸ್ತುವನ್ನು ಕಳಿಸಿ ಹಣಕ್ಕೆ ಕಾಯುವ ತೊಂದರೆಯು ಹೊಸದೇನೂ ಅಲ್ಲ. ಅಂಚೆಯವರು ವ್ಹಿ.ಪಿ. ಪದ್ಧತಿಯನ್ನು ನಮ್ಮ ದೇಶದಲ್ಲಿ 1877ರಲ್ಲಿಯೇ ತಂದರು. ಪುಸ್ತಕ ಪ್ರಕಾಶಕರೂ ಮಾಸಪತ್ರಿಕೆಯವರೂ ಔಷಧಿ ಮಾರುವವರೂ ಅದರ ಮೇಲೆಯೇ ಬಾಳಿದರು. ಟಪಾಲಿನವನು ಗಂಟನ್ನು ಕೊಟ್ಟು ಹಣವನ್ನು ಇಸಕೊಳ್ಳುವನು, ಆ ಹಣವು ಕಳಿಸಿದವನಿಗೆ ಮನಿಯಾರ್ಡರಿನಿಂದ ಬರುವದು. ಒಳ್ಳೆಯ ಏರ್ಪಾಡು; ಆದರೆ ತರಿಸಿಕೊಂಡವನು ಬಾಗಿಲಲ್ಲಿ ನಿಂತು 'ನನಗೆ ಬೇಡ' ಎಂದನೆಂದರೆ ಹೋಗಿಬರುವ ವೆಚ್ಚವೆಲ್ಲ ಕಳಿಸಿದವನ ತಲೆಗೆ! ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುವದು ನಮ್ಮ ಕಡೆ ಪ್ರಸಿದ್ಧವಾದ ಮಾತು. ಕಾಲು ನೋಯಿಸಿಕೊಂಡರೂ ಅವರಿಗೆ ಗಂಟು ಕಳೆಯುವ ಭಯವೊಂದು ಇರಲಿಲ್ಲ. ಫ್ಲಿಪ್‌ಕಾರ್ಟ್ ಎಂಬ ಪೇಟೆಯು 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದಾಗ ಮಾರಿದ್ದೂ ಮೊದಲು ಪುಸ್ತಕಗಳನ್ನೇ. ಮುಂದೆ 2010ರಲ್ಲಿ ಅದು ಬಾಗಿಲಲ್ಲಿ ಹಣ ಕೊಡುವ ಅನುಕೂಲವನ್ನು ಮಾಡಿಕೊಟ್ಟಿತು. ಇಂದು ಅದನ್ನು ಸಿ.ಓ.ಡಿ. ಎಂದು ಕರೆಯುವರು. ಹೆಸರು ಬೇರೆ, ಗುಣವೂ ದೋಷವೂ ಹಳೆಯ ವ್ಹಿ.ಪಿ.ಯವೇ.

ಗಂಟು ಕಳೆದರೆ ನಷ್ಟವು ಯಾರದು? 1930ರ ಸರಕು ಮಾರಾಟದ ಕಾಯಿದೆಯ 39ನೆಯ ಕಲಮಿನ ಪ್ರಕಾರ, ಕೊಂಡವನಿಗೆ ಮುಟ್ಟಿಸುವ ಸಲುವಾಗಿ ಸರಕನ್ನು ಸಾಗಿಸುವವನ ಕೈಗೆ ಕೊಟ್ಟರೆ ಸಾಮಾನ್ಯವಾಗಿ ಕೊಂಡವನಿಗೇ ಕೊಟ್ಟಂತೆ. ಆದರೆ ಮಾರುವವನು ಸಾಗಣೆಯ ಏರ್ಪಾಡನ್ನು ಸರಿಯಾಗಿ ಮಾಡಿರಬೇಕು. ಇದನ್ನು ಓದಿ ಹಿಗ್ಗುವ ಕಾರಣವಿಲ್ಲ. ಇಂದಿನ ಪೇಟೆಯವರು ಮಾರುವವರಿಂದ ಮೊದಲೇ ಒಪ್ಪಿಗೆ ಪಡೆಯುವ ಕರಾರಿನಲ್ಲಿ ಬೇರೆಯೇ ಮಾತು ಇರುವದು; ಗಂಟು ಮುಟ್ಟಲಿಲ್ಲವೆಂದರೆ ಕೊಂಡವನಿಗೆ ಹಣವನ್ನು ಮರಳಿಸಿಬಿಡುವರು, ಮಾರಿದವರ ಲೆಕ್ಕವನ್ನು ಆ ಮೇಲೆ ನೋಡುವರು. ಆದುದರಿಂದ ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಇದು: ಸಾಗಿಸುವವನನ್ನು ಗೊತ್ತುಮಾಡಿದವರು ಯಾರು? ಪೇಟೆಯವರೇ ತಮ್ಮ ಆಳನ್ನು ಕಳಿಸಿ ಗಂಟನ್ನು ಒಯ್ದಿದ್ದರೆ, ಒಯ್ದ ಮೇಲೆ ಕಳೆದುದರ ಪರಿಹಾರವನ್ನು ನಾವು ಅವರಲ್ಲಿ ಬೇಡಬಹುದು. ನಾವೇ ಕೊರಿಯರಿನವನಿಗಾಗಲಿ ಅಂಚೆಗಾಗಲಿ ಕೊಟ್ಟಿದ್ದರೆ ಕೊಂಡವನಿಗೆ ಉತ್ತರ ಹೇಳುವವರು ನಾವೇ, ಸಾಗಿಸಿದವನನ್ನು ಹಿಡಿಯುವವರೂ ನಾವೇ. ಪರಿಚಯದವರಿಗೆ ವಾಟ್ಸಾಪಿನ ಮೇಲೆ ಫೋಟೋ ತೋರಿಸಿ ಮಾರುವ ಭಗಿನಿಯರೆಲ್ಲರೂ ಈ ಎರಡನೆಯ ವರ್ಗದವರು.

ಅಂಚೆಯ ಮಾತು ಬಂದಿತು. 1898ರ ಅಂಚೆಯ ಕಾಯಿದೆಯು ಸರಕಾರವನ್ನು ಗಂಟು ಕಳೆದ ಹೊಣೆಯಿಂದ ಬಹುಮಟ್ಟಿಗೆ ಬಿಡಿಸಿತ್ತು. ಅದರ ಜಾಗದಲ್ಲಿ ಬಂದು 2024ರ ಜೂನಿನಲ್ಲಿ ಜಾರಿಯಾದ 2023ರ ಹೊಸ ಕಾಯಿದೆಯೂ ನಿಯಮಗಳಲ್ಲಿ ಹೇಳಿದಷ್ಟೇ ಹೊಣೆಯನ್ನು ಒಪ್ಪಿಕೊಂಡಿದೆ. ವಿಮೆ ಮಾಡದ ಸ್ಪೀಡ್ ಪೋಸ್ಟು ಕಳೆದರೆ ಅಂಚೆಯವರು ಬಹುಕಾಲದಿಂದ ಕೊಡುತ್ತ ಬಂದ ಪರಿಹಾರವು ಕೊಟ್ಟ ವೆಚ್ಚದ ಎರಡರಷ್ಟು ಇಲ್ಲವೆ 1,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕೌದಿಗೆ 4,000 ರೂಪಾಯಿ ಬೆಲೆಯಿದ್ದು ಅಂಚೆಗೆ 150 ಕೊಟ್ಟಿದ್ದರೆ ಬರುವದು 300. ಈ ಲೆಕ್ಕವನ್ನು ಒಮ್ಮೆ ಮಾಡಿದವರು ವಿಮೆಯ ನಾಲ್ಕು ಕಾಸಿಗೆ ಹಿಂದೆಮುಂದೆ ನೋಡಲಾರರು. ಕೌಂಟರಿನಲ್ಲಿ ಇಂದಿನ ದರವನ್ನು ಕೇಳಿ ತಿಳಿದುಕೊಂಡು, ಬೆಲೆಯುಳ್ಳ ಗಂಟಿಗೆ ವಿಮೆಯಿಲ್ಲದೆ ಅಂಚೆಗೆ ಕೊಡಕೂಡದು.

ಗಂಟು ಕಳೆಯುವದಕ್ಕೆ ಕಳ್ಳರೇ ಬೇಕೆಂದಿಲ್ಲ, ವಿಳಾಸವೊಂದು ಸಾಕು. 1972ರ ಆಗಸ್ಟ್ 15ರಂದು ಪಿನ್ ಕೋಡು ಬಂದಾಗಿನಿಂದ ಗಂಟನ್ನು ನಡೆಸುವದು ಊರಿನ ಹೆಸರಲ್ಲ, ಆ 6 ಅಂಕೆಗಳು. ದಾಂಡೇಲಿಯದು 581325, ಹಳಿಯಾಳದ್ದು 581329. ಕೊನೆಯ ಅಂಕೆಯೊಂದೇ ಬೇರೆ. ಅವಸರದಲ್ಲಿ ಗೀಚಿದ ಇಂಗ್ಲಿಷ್ 5 ಮತ್ತು 9 ಅಣ್ಣತಮ್ಮಂದಿರಂತೆ ಕಾಣುವವು. ಮುಂಡಗೋಡ ಊರಿನದು 581349 ಆಗಿದ್ದರೆ, 1966ರಲ್ಲಿ ನೆಲೆಗೊಂಡ ಟಿಬೇಟಿಯನ್ ಕಾಲೋನಿಯದು 581411. ಇನ್ನು ಹೆಸರುಗಳ ಗೊಂದಲವನ್ನು ಕೇಳುವದೇ ಬೇಡ. ಜೋಯಿಡಾ ತಾಲೂಕಿಗೆ ಸೂಪಾ ಎಂಬ ಹಳೆಯ ಹೆಸರನ್ನು ಬರೆಯುವ ಹಿರಿಯರು ಇನ್ನೂ ಇರುವರು. ಆ ಸೂಪಾ ಊರಾದರೋ ಕಾಳಿಯ ಅಣೆಕಟ್ಟಿನ ನೀರಿನಡಿಯಲ್ಲಿದೆ. ದಾಂಡೇಲಿಯು ಹಳಿಯಾಳದಿಂದ ಬೇರೆಯಾಗಿ ತಾನೇ ತಾಲೂಕಾಗಿದ್ದರೂ ಹಳೆಯ ಕಾಗದಪತ್ರಗಳಲ್ಲಿ ಹಳಿಯಾಳ ತಾಲೂಕೆಂದೇ ಉಳಿದಿದೆ. ಹೀಗಿರಲಾಗಿ ಕಳಿಸುವವರ ವಿಳಾಸವನ್ನೂ, ಅಂದರೆ ನಮ್ಮ ವಿಳಾಸವನ್ನೂ, ತಪ್ಪಿಲ್ಲದೆ ಬರೆಯಬೇಕು. ಹೋದ ಗಂಟು ಮುಟ್ಟದೆ ಮರಳಿ ಹೊರಟಾಗ ಅದಕ್ಕೆ ದಾರಿ ತೋರಿಸುವದು ಅದೊಂದೇ. ವಿಳಾಸದ ಇನ್ನೊಂದು ಪ್ರತಿಯನ್ನು ಗಂಟಿನ ಒಳಗೂ ಇಡುವದು ಲೇಸು. ಮಳೆಗಾಲದಲ್ಲಿ ಹೊರಗಿನ ಲೇಬಲ್ಲು ಕಳಚಿಬಿದ್ದರೂ ತೆರೆದು ನೋಡಿದವರಿಗೆ ಅದು ಸಿಕ್ಕೀತು.

ಈಗ ಗಂಟು ಕಟ್ಟುವ ಕೆಲಸಕ್ಕೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಮುಂದಿನ ಜಗಳದ ಸೋಲುಗೆಲುವು ಬಹುತೇಕ ಇಲ್ಲಿಯೇ ತೀರ್ಮಾನವಾಗುವದು. ಮೊಬೈಲನ್ನು ಒಂದು ಕಡೆ ಆನಿಸಿ ನಿಲ್ಲಿಸಿ, ಎಲ್ಲಿಯೂ ತುಂಡಾಗದಂತೆ ಒಂದೇ ವಿಡಿಯೊ ತೆಗೆಯಬೇಕು. ಮೊದಲು ಆರ್ಡರಿನ ಸಂಖ್ಯೆಯುಳ್ಳ ಲೇಬಲ್ಲನ್ನು ತೋರಿಸುವದು. ತರುವಾಯ ವಸ್ತುವನ್ನು ಬಿಡಿಸಿ ಎರಡೂ ಮಗ್ಗುಲುಗಳನ್ನು, ಮೂಲೆಗಳನ್ನು ತೋರಿಸುವದು. ಅಳತೆಪಟ್ಟಿಯನ್ನು ಅದರ ಮೇಲೆ ಇಡುವದು. ಮಡಿಚಿ ಒಳಗಿಟ್ಟು, ಮುಚ್ಚಿ, ಅಂಟುಪಟ್ಟಿ ಹಚ್ಚಿ, ಲೇಬಲ್ಲನ್ನು ಅಂಟಿಸುವದು. ಕಡೆಗೆ ತಕ್ಕಡಿಯ ಮೇಲಿಟ್ಟು ತೂಕದ ಅಂಕೆ ಕಾಣುವಂತೆ ಮಾಡುವದು. ತೂಕಕ್ಕೆ ವಿಶೇಷವಾದ ಬೆಲೆಯುಂಟು. ಸಾಗಿಸುವವನೂ ತನ್ನ ಕೋಠಿಯಲ್ಲಿ ಗಂಟನ್ನು ತೂಗುವನು. ನಮ್ಮ ಮನೆಯ ತೂಕವೂ ಅವನ ಮೊದಲ ತೂಕವೂ ಕೂಡಿಬಂದು, ಮುಂದಿನದು ಕಡಿಮೆಯಾದರೆ ಕಳುವಾದದ್ದು ದಾರಿಯಲ್ಲಿ ಎಂಬುವದನ್ನು ಆ ಅಂಕೆಗಳೇ ಹೇಳುವವು. ಅಂಟುಪಟ್ಟಿಯ ಮೇಲೆ ಅಡ್ಡಲಾಗಿ ಸಹಿ ಮಾಡಿರಿ. ಪಟ್ಟಿಯನ್ನು ಬಿಚ್ಚಿ ಮತ್ತೆ ಹಚ್ಚಿದವನಿಗೆ ಸಹಿಯ ಗೆರೆಗಳನ್ನು ಕೂಡಿಸುವದು ಸುಲಭವಲ್ಲ.

ಇಷ್ಟೆಲ್ಲ ಮಾಡಿ, ಒಯ್ಯಲು ಬಂದ ಹುಡುಗನ ಕೈಗೆ ಗಂಟನ್ನು ಹಾಗೆಯೇ ಕೊಟ್ಟುಬಿಡುವವರು ಉಂಟು. ಇದು ಹಾಲು ಕಾಸಿ ಮುಚ್ಚದೆ ಬಿಟ್ಟಂತೆ. ಅವನು ನಿಮ್ಮ ಎದುರಿನಲ್ಲಿಯೇ ಬಾರ್‌ಕೋಡನ್ನು ಸ್ಕ್ಯಾನ್ ಮಾಡಬೇಕು. ಸಿಗ್ನಲ್ ಇಲ್ಲ, ಮುಂದೆ ಹೋಗಿ ಮಾಡುವೆನೆಂದರೆ, ಗಂಟುಗಳ ಸಂಖ್ಯೆ, ದಿನ, ಹೊತ್ತುಗಳನ್ನು ಬರೆದ ಚೀಟಿಗೆ ಅವನ ಸಹಿಯನ್ನಾದರೂ ಪಡೆಯಬೇಕು. ಜೋಯಿಡಾದ ಒಳ ಹಳ್ಳಿಗಳಲ್ಲಿ ಸಿಗ್ನಲ್ಲಿನ ಮಾತು ಸುಳ್ಳಲ್ಲ. ಆದರೆ ಸ್ಕ್ಯಾನ್ ಆಗುವವರೆಗೆ ಪೇಟೆಯವರ ಲೆಕ್ಕದಲ್ಲಿ ಗಂಟು ಇನ್ನೂ ನಿಮ್ಮ ಮನೆಯಲ್ಲಿಯೇ ಇರುವದು. ಅದು ಕಳೆದರೆ ಕಳೆದದ್ದೆಂದು ಸಹ ಯಾರೂ ಒಪ್ಪರು.

ಇನ್ನು ಕಳೆದೇ ಹೋಯಿತೆಂದಿಟ್ಟುಕೊಳ್ಳಿ. ಟ್ರ್ಯಾಕಿಂಗಿನಲ್ಲಿ ಗಂಟು ಹುಬ್ಬಳ್ಳಿಯವರೆಗೆ ಬಂದು ಅಲ್ಲಿಯೇ ನಿಂತಿದೆ, ನಾಲ್ಕು ದಿನವಾದರೂ ಚಲನೆಯಿಲ್ಲ. ಇಲ್ಲವೆ 'ಮುಟ್ಟಿಸಲಾಗಿದೆ' ಎಂದು ತೋರಿಸುತ್ತಿದೆ, ಕೊಂಡವನು ಮುಟ್ಟಿಲ್ಲವೆನ್ನುವನು. ಮೊದಲು ಮಾಡತಕ್ಕದ್ದು ಆ ಪುಟದ ಚಿತ್ರವನ್ನು ತೆಗೆದಿಡುವದು. ನಾಳೆ ಅದು ಹಾಗೆಯೇ ಇರುವದೆಂಬ ಭರವಸೆಯಿಲ್ಲ. ಎರಡನೆಯದು, ಪೇಟೆಯವರ ಸಹಾಯದ ಪುಟದಲ್ಲಿ ಬರಹದ ಮೂಲಕ ದೂರು ಕೊಟ್ಟು ಅದರ ಸಂಖ್ಯೆಯನ್ನು ಪಡೆಯುವದು. ಫೋನಿನಲ್ಲಿ ಮಧುರವಾಗಿ ಮಾತಾಡಿದವನು ನಾಳೆ ಇನ್ನೊಬ್ಬನಾಗಿರುವನು, ಇಂದಿನವನ ಮಾತು ಅವನಿಗೆ ತಿಳಿಯದು. ಮಾತಾಡಲೇಬೇಕಾಗಿ ಬಂದರೆ, ಮುಗಿದ ಕೂಡಲೆ 'ಇಂದು ಇಂತಿಂಥ ಮಾತಾಯಿತು' ಎಂದು ನಾವೇ ಬರೆದು ಕಳಿಸುವದು. ಮೂರನೆಯದು, 'ಮುಟ್ಟಿಸಲಾಗಿದೆ' ಎಂದಿದ್ದರೆ ಮುಟ್ಟಿಸಿದ್ದರ ಗುರುತನ್ನು ಕೇಳುವದು: ಓಟಿಪಿ ಪಡೆದರೋ, ಸಹಿಯೋ, ಬಾಗಿಲ ಚಿತ್ರವೋ? ಕೆಲವೊಮ್ಮೆ ಗಂಟು ನೆರೆಮನೆಯಲ್ಲಿಯೋ ಕಟ್ಟಡದ ಕಾವಲುಗಾರನ ಮೇಜಿನ ಕೆಳಗೋ ನಿಶ್ಚಿಂತೆಯಿಂದ ಮಲಗಿರುವದು. ಕೊಂಡವರಿಗೆ ಅದನ್ನು ವಿಚಾರಿಸಿ ನೋಡಿರೆಂದು ವಿನಯದಿಂದ ಬರೆಯುವದರಲ್ಲಿ ಮಾನಹಾನಿಯಿಲ್ಲ.

ಎಲ್ಲಕ್ಕೂ ಮುಖ್ಯವಾದದ್ದು ದಿನಗಳ ಲೆಕ್ಕ. ಪ್ರತಿಯೊಂದು ಪೇಟೆಯವರೂ ಇಷ್ಟು ದಿನಗಳೊಳಗೆ ಪರಿಹಾರ ಕೇಳಬೇಕೆಂದು ಅವಧಿಯಿಟ್ಟಿರುವರು. ಅದು ಒಬ್ಬರಿಂದೊಬ್ಬರಿಗೆ ಬೇರೆ, ಆಗಾಗ ಬದಲಾಗುವದೂ ಉಂಟು. ಕಡೆಯ ದಿನ ದಾಟಿತೆಂದರೆ ವಿಡಿಯೊ ಇದ್ದರೂ ತೂಕವಿದ್ದರೂ ಪ್ರಯೋಜನವಿಲ್ಲ. ಹಾಲಿನ ಲೆಕ್ಕ, ಸಿಲಿಂಡರಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಈ ದಿನವನ್ನೂ ಗುರುತು ಹಾಕಿಡಿರಿ. ಮೊದಲನೆಯ ಉತ್ತರವು 'ನಿಮ್ಮ ದೂರನ್ನು ಮುಚ್ಚಲಾಗಿದೆ' ಎಂದು ಬಂದೀತು. ಅದನ್ನು ತೀರ್ಪೆಂದು ತಿಳಿದು ಸುಮ್ಮನಾಗಕೂಡದು. ರುಜುವಾತುಗಳನ್ನು ಲಗತ್ತಿಸಿ ಮತ್ತೊಮ್ಮೆ ತೆರೆಸಬೇಕು.

ಇಲ್ಲಿಯವರೆಗೆ ಕಳೆದ ಗಂಟಿನ ಮಾತಾಯಿತು. ಮುಟ್ಟಿದ ಗಂಟಿನ ಮೇಲಿನ ತಕರಾರು ಇದಕ್ಕಿಂತ ಸೂಕ್ಷ್ಮವಾದದ್ದು, ಏಕೆಂದರೆ ಅದರಲ್ಲಿ ಎಲ್ಲ ಸಲವೂ ನ್ಯಾಯ ನಮ್ಮ ಕಡೆಗಿರುವದಿಲ್ಲ. 2020ರ ಜುಲೈಯಲ್ಲಿ ಬಂದ ಇ-ವಾಣಿಜ್ಯದ ನಿಯಮಗಳ ಪ್ರಕಾರ ವಸ್ತುವು ದೋಷವುಳ್ಳದ್ದಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇರದಿದ್ದರೆ, ಇಲ್ಲವೆ ಹೇಳಿದ ದಿನಕ್ಕಿಂತ ತಡವಾಗಿ ಮುಟ್ಟಿದ್ದರೆ, ಮಾರಿದವರು ಅದನ್ನು ಹಿಂದಕ್ಕೆ ಪಡೆಯಲೊಲ್ಲೆವೆನ್ನುವಂತಿಲ್ಲ. ದೈವಿಕ ವಿಪತ್ತಿನಿಂದ ತಡವಾದದ್ದಕ್ಕೆ ಮಾತ್ರ ವಿನಾಯಿತಿಯುಂಟು. 'ಹೇಳಿದಂತೆ' ಎಂಬ ಶಬ್ದದ ಮೇಲೆ ನಮ್ಮ ಭಗಿನಿಯರು ಬೆರಳಿಡಬೇಕು. ಕೌದಿಯನ್ನು ಹೊಲಿದದ್ದು ಹಳೆಯ ಬಟ್ಟೆಯಿಂದ. ಅದೇ ಅದರ ಸೊಗಸು. ಆದರೆ ಪಟ್ಟಣದವನು ಗಂಟನ್ನು ಬಿಚ್ಚಿ 'ಬಳಸಿದ ಬಟ್ಟೆ ಕಳಿಸಿದ್ದಾರೆ' ಎಂದು ದೂರಿದರೆ? ತೊಳೆದ ಹಳೆಯ ಸೀರೆಗಳಿಂದ ಕೈಯಲ್ಲಿ ಹೊಲಿದದ್ದು, ಒಂದರಂತೆ ಇನ್ನೊಂದು ಇರುವದಿಲ್ಲ, ಚಿತ್ರದಲ್ಲಿಯ ಕೌದಿಯೇ ಬರುವದು ಎಂಬ ಮೂರು ವಾಕ್ಯಗಳು ವಿವರಣೆಯಲ್ಲಿ ಇದ್ದರೆ ದೂರು ನಿಲ್ಲದು, ಇಲ್ಲದಿದ್ದರೆ ದೂರಿದವನದೇ ಸರಿ. ಜೋಯಿಡಾದ ಕಡೆಯಿಂದ ಜೇನು ಕಳಿಸುವವರಿಗೂ ಇದೇ ಮಾತು. ಚಳಿಯಲ್ಲಿ ಜೇನು ಹರಳುಗಟ್ಟುವದು, ಅದು ಅದರಲ್ಲಿಯ ಗ್ಲೂಕೋಸಿನ ಸ್ವಭಾವ. ಕೊಂಡವಳು ಸಕ್ಕರೆ ಬೆರೆಸಿದ್ದಾರೆಂದು ಹಣ ಕೇಳುವಳು. ಬಾಟಲಿಯ ಮೇಲೆಯೇ 'ಹರಳುಗಟ್ಟಬಹುದು, ಉಗುರುಬೆಚ್ಚನೆಯ ನೀರಿನಲ್ಲಿಟ್ಟರೆ ಕರಗುವದು' ಎಂದು ಬರೆದಿಡಬೇಕು. ತಿನಿಸಿನ ಪದಾರ್ಥಗಳಿಗೆ ಆಹಾರ ಸುರಕ್ಷತೆಯ ನೋಂದಣಿಯ ಸಂಖ್ಯೆಯೂ ಬೇಕು. ಗೆಡ್ಡೆಗೆಣಸುಗಳನ್ನು ಆಷಾಢದ ಮಳೆಯಲ್ಲಿ ದೂರಕ್ಕೆ ಕಳಿಸದಿರುವದೇ ಮೇಲು. ಕೊಳೆತು ಮುಟ್ಟಿದ ಗೆಡ್ಡೆಗೆ ಯಾವ ರುಜುವಾತೂ ಉಪಯೋಗವಿಲ್ಲ. ಮುಂಡಗೋಡದ ಉಣ್ಣೆಯ ಅಂಗಿಗಳಿಗೆ ಎದೆಯ ಸುತ್ತಳತೆ, ತೋಳಿನ ಉದ್ದಗಳನ್ನು ಇಂಚುಗಳಲ್ಲಿ ಕೊಟ್ಟರೆ ಅರ್ಧ ತಕರಾರು ಹುಟ್ಟುವದೇ ಇಲ್ಲ.

ತಪ್ಪು ನಮ್ಮದಾಗಿದ್ದರೆ, ಅದನ್ನು ಒಪ್ಪಿ ಅಂದೇ ಹಣವನ್ನು ಮರಳಿಸುವದು ಸರಿ. ಆದರೆ ಮೋಸಗಾರರೂ ಉಂಟು. ಹೊಸ ಕೌದಿಯನ್ನು ಇಟ್ಟುಕೊಂಡು ಹಳೆಯ ಚಾದರವನ್ನು ಮರಳಿ ಕಳಿಸಿದ ಗಂಟು ಬರಬಹುದು. ಆದಕಾರಣ ಮರಳಿ ಬಂದ ಗಂಟನ್ನು, ಮಕ್ಕಳು ಎಷ್ಟೇ ಆತುರಪಟ್ಟರೂ, ವಿಡಿಯೊ ಇಲ್ಲದೆ ಬಿಚ್ಚಕೂಡದು. ಮೊದಲು ತೂಗಿ, ಹೊರಗಿನ ಲೇಬಲ್ಲನ್ನು ತೋರಿಸಿ, ತಂದವನ ಎದುರಿನಲ್ಲಿಯೇ ಬಿಚ್ಚಲು ಸಾಧ್ಯವಾದರೆ ಹಾಗೆಯೇ ಮಾಡಬೇಕು. ಗಂಟು ಹರಿದಿದ್ದರೆ 'ಹರಿದ ಸ್ಥಿತಿಯಲ್ಲಿ ಪಡೆದೆ' ಎಂದು ಬರೆದೇ ಸಹಿ ಹಾಕುವದು. ಅದರಂತೆಯೇ ಬೆಲೆಯುಳ್ಳ, ಒಂದೇ ಒಂದಾಗಿರುವ ವಸ್ತುವಿಗೆ ಸಿ.ಓ.ಡಿ. ಸೌಕರ್ಯವನ್ನು, ತೆಗೆಯಲು ಅವಕಾಶವಿದ್ದರೆ, ತೆಗೆದುಬಿಡುವದೇ ನಮಗೆ ಸರಿದೋರುವದು. ಆರ್ಡರುಗಳು ಕಡಿಮೆಯಾದಾವು, ಆಗಲಿ. ಕೌದಿಯು ದಿಲ್ಲಿಯನ್ನು ನೋಡಿ ಮೈಲಿಗೆಯಾಗಿ ಮರಳಿ ಬರುವದಕ್ಕಿಂತ ಅದು ಮೇಲು.

ಪೇಟೆಯವರು ಕೈ ಚೆಲ್ಲಿದರೆ ಕಾಯಿದೆಯ ದಾರಿಯೇನು? ಗ್ರಾಹಕರ ಕಾಯಿದೆಯು ಮುಖ್ಯವಾಗಿ ಕೊಳ್ಳುವವರಿಗಾಗಿ ಇರುವದು. ಪೇಟೆಯ ದೂರು ಅಧಿಕಾರಿಯು 48 ತಾಸುಗಳಲ್ಲಿ ಪೋಚು ಕೊಟ್ಟು ಒಂದು ತಿಂಗಳಲ್ಲಿ ಪರಿಹರಿಸಬೇಕೆಂಬ ನಿಯಮವೂ ಅವರ ದೂರಿಗೇ ಸಂಬಂಧಿಸಿದ್ದು. ವ್ಯಾಪಾರದ ಸಲುವಾಗಿ ಸೇವೆ ಪಡೆದವರು ಗ್ರಾಹಕರಲ್ಲವೆಂಬ ತಕರಾರನ್ನು ಎದುರಿನ ವಕೀಲರು ಮೊದಲನೆಯ ದಿನವೇ ಎತ್ತುವರು. ಆದರೆ ಮಾರುವವರಿಗೆ ಬೇರೆ ಎರಡು ಆಧಾರಗಳುಂಟು. 2007ರ ರಸ್ತೆ ಸಾಗಣೆಯ ಕಾಯಿದೆಯು ಕೊರಿಯರಿನವರಿಗೂ ಅನ್ವಯಿಸುವದು. ಅದರ ಮೇರೆಗೆ ದಾವೆ ಹೂಡಬೇಕಾದರೆ ಗಂಟನ್ನು ಕೊಟ್ಟ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಮುಟ್ಟಿಸಿರಬೇಕು. ಹೆಚ್ಚಿನ ಬೆಲೆಯನ್ನು ಮೊದಲೇ ಘೋಷಿಸಿರದಿದ್ದರೆ ಪರಿಹಾರವು ಸಾಗಣೆ ವೆಚ್ಚದ ಹತ್ತರಷ್ಟನ್ನು ಮೀರದು. ಆದುದರಿಂದ ಕೊರಿಯರಿನ ಚೀಟಿಯಲ್ಲಿ ಬೆಲೆಯ ಜಾಗವನ್ನು ಖಾಲಿ ಬಿಡಕೂಡದು.

ಎರಡನೆಯ ಆಧಾರವು ಕಾಯಂ ಜನತಾ ನ್ಯಾಯಾಲಯ, ಅಂದರೆ ಖಾಯಂ ಲೋಕ ಅದಾಲತ್ತು. ಸರಕು ಸಾಗಣೆಯೂ ಅಂಚೆಯೂ 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಸಾರ್ವಜನಿಕ ಉಪಯುಕ್ತ ಸೇವೆಗಳಾದ್ದರಿಂದ ಅವುಗಳ ಮೇಲಿನ ತಕರಾರನ್ನು ಕೋರ್ಟಿಗೆ ಹೋಗುವ ಮೊದಲೇ ಅಲ್ಲಿ ಒಯ್ಯಬಹುದು. ಕೋರ್ಟಿನ ಫೀ ಇಲ್ಲ. ಅಲ್ಲಿಯವರು ಮೊದಲು ರಾಜಿಗೆ ಯತ್ನಿಸುವರು. ರಾಜಿಯಾಗದಿದ್ದರೆ ತಾವೇ ತೀರ್ಪು ಕೊಡುವ ಅಧಿಕಾರವೂ ಅವರಿಗುಂಟು. ಇದರ ದಾರಿಯನ್ನು ತಾಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು. ಅದೇ ಕಾಯಿದೆಯ 12ನೆಯ ಕಲಮಿನಂತೆ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ವಕೀಲರ ನೆರವು ಧರ್ಮಾರ್ಥವಾಗಿ ದೊರೆಯತಕ್ಕದ್ದು. ಉದಾಹರಣೆಯ ಆ ಸಿದ್ದಿ ತಾಯಿಗೆ ಇದು ಎರಡು ಕಾರಣಗಳಿಂದ ಸಲ್ಲುವದು. ಅರ್ಜಿಯ ಜೊತೆಗೆ ಆರ್ಡರಿನ ಪುಟ, ಲೇಬಲ್ಲಿನ ಚಿತ್ರ, ತೂಕದ ಚಿತ್ರ, ಟ್ರ್ಯಾಕಿಂಗಿನ ಪುಟ, ದೂರಿನ ಸಂಖ್ಯೆಗಳು, ಅದೇ ಬಗೆಯ ಕೌದಿಯನ್ನು ಹಿಂದೆ ಮಾರಿದ ಎರಡು ಮೂರು ಬಿಲ್ಲುಗಳು ಇವನ್ನು ತಾರೀಖಿನ ಕ್ರಮದಿಂದ ಜೋಡಿಸಿ ಪ್ರತಿಗಳನ್ನು ಮಾತ್ರ ಕೊಡಬೇಕು. ಮೂಲಗಳೂ ವಿಡಿಯೊವೂ ಮನೆಯಲ್ಲಿಯೇ ಇರಲಿ.